ಅವ್ವನ ತುತ್ತು

ಬಾಗಲಕೋಟೆ,
ತಾ. ೭-೧-೧೯೫೭, ಸೋಮವಾರ

ಪ್ರೀತಿಯ ಅವ್ವಗೆ ನಿನ್ನ ಮಗಳು ಯಮನವ್ವ ಮಾಡುವ ನಮಸ್ಕಾರಗಳು.

ನಿನ್ನ ಪ್ರಕೃತಿ ಹೇಗಿದೆ? ಕೆಮ್ಮು ಪೂರ್ತಿ ನಿಂತಿತೇ? ರಾತ್ರಿ ನಿದ್ದೆ ಬರುತ್ತದೆಯೇ? ಸಂಕ್ರಾಂತಿ ಮುಗಿದ ಮೇಲೆ ಮಿರಜದ ಕ್ಷಯದ ದವಾಖಾನೆಯಿಂದ ಬಿಡುತ್ತಾರೆಂದು ಪಕ್ಕದ ಮಂಚದ ಪ್ರೇಮಾಬಾಯಿಯವರ ಕೈಯಿಂದ ನೀನು ಬರೆಸಿದ ಪತ್ರ ಮುಟ್ಟಿತು. ಓದಿದ ಕೂಡಲೇ ನಮ್ಮನ್ನು ನೋಡಿಕೊಳ್ಳುವ ಜಾನಕಿಬಾಯಿಯವರು ದೇವರ ಮುಂದೆ ಸಕ್ಕರೆ ಇಟ್ಟು ಎಲ್ಲರಿಗೂ ಹಂಚಿದರು. ಅಪ್ಪ ಇದ್ದಾಗ ನೇಯ್ದುಕೊಟ್ಟ ಇಳಕಲ್ ಸೀರೆಯನ್ನು ಕಳಿಸು, ಅದನ್ನೇ ಉಟ್ಟು ಬರುತ್ತೇನೆ ಎಂದಿದ್ದೀ. ಅದರ ವಿಷಯ ಕೊನೆಗೆ ಬರೆಯುತ್ತೇನೆ.

ನಾನು, ತಮ್ಮ ಅಮಾತೆಪ್ಪ ಇಬ್ಬರೂ ಕ್ಷೇಮ. ನಮ್ಮನ್ನು ಈ ಬಾಲಗೃಹದಲ್ಲಿ ಬಿಡುವ ದಿನ ನೀನು ಅಂಜಿದ್ದೆ. ಅಂಜುವಂಥದ್ದು ಇಲ್ಲಿ ಏನೂ ಆಗಲಿಲ್ಲ. ಮುಂಜಾನೆ ಬಾವಿಕಟ್ಟೆಯ ಮೇಲೆ ಸ್ನಾನ, ಪ್ರಾರ್ಥನೆ, ಆಮೇಲೆ ಉಪ್ಪಿಟ್ಟು ಇಲ್ಲವೆ ಒಗ್ಗರಣೆ ಅವಲಕ್ಕಿ. ಮಧ್ಯಾಹ್ನ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ. ದೊಡ್ಡ ಹುಡುಗಿಯರು ಸಣ್ಣವರ ತಲೆ ಬಾಚಬೇಕು. ನನ್ನ ಪಾಲಿಗೆ ಬಂದ ಹುಡುಗಿ ಹಣಿಗೆ ಕಂಡರೆ ಹುಣಸೆಗಿಡ ಹತ್ತುತ್ತಾಳೆ. ಪ್ರಾರ್ಥನೆ ಆದಮೇಲೆ ಪತ್ರಿಕೆ ಓದಿ ಹೇಳುವ ಕೆಲಸವೂ ನನ್ನದೇ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಸುದ್ದಿ ಓದಿದಾಗ, ಮಿರಜ ಮುಂಬಯಿ ರಾಜ್ಯದಲ್ಲೇ ಉಳಿಯಿತಲ್ಲ, ಅವ್ವ ಮಂಚದಿಂದ ಏಳದೆಯೇ ಬೇರೆ ರಾಜ್ಯದವಳಾದಳು ಎನಿಸಿತು. ಈ ವರ್ಷ ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡ್ರುತ್ತೇನೆ.

ಅಮಾತೆಪ್ಪನ ಸುದ್ದಿ ಹೆಚ್ಚು ಬರೆ ಎಂದು ಪ್ರತಿ ಪತ್ರದಲ್ಲೂ ಹೇಳುತ್ತೀ. ನಿನ್ನನ್ನು ಮಿರಜಕ್ಕೆ ಒಯ್ದಾಗ ಅವನಿಗೆ ಹಲ್ಲು ಕೂಡ ಪೂರ್ತಿ ಬಂದಿರಲಿಲ್ಲ. ಈಗ ಓಡುತ್ತಾನೆ, ಬಿದ್ದರೆ ಅಳುವುದಿಲ್ಲ, ಬಿದ್ದ ನೆಲಕ್ಕೆ ಒದೆಯುತ್ತಾನೆ. ಅವನು ನಿನ್ನನ್ನು ಮರೆಯಬಾರದೆಂದು ಹೋದ ವರ್ಷ ನಾನು ಟ್ರಂಕಿನಿಂದ ನಿನ್ನ ಅದೇ ಸೀರೆ ತೆಗೆದು, ಕೆಂಪು ಸೆರಗು ಬಿಚ್ಚಿ ತೋರಿಸಿ, ಇದು ಅವ್ವನದು ಎಂದು ದಿನಾ ಹೇಳಿಕೊಟ್ಟೆ. ಇಳಕಲ್ಲಿನವಳಾಗಿ ನನಗಾದರೂ ತಿಳಿಯಬೇಕಿತ್ತು. ಈ ಊರಲ್ಲಿ ಆ ಸೆರಗು ಇಲ್ಲದ ಹೆಂಗಸು ಯಾರಿದ್ದಾರೆ? ಕಾಯಿಪಲ್ಯ ಮಾರಲು ಬರುವ ಮಾಸುಮಬಿಯ ಸೆರಗು ಹಿಡಿದು ಅವ್ವ ಬಂದಳು ಎಂದು ಜೋತುಬಿದ್ದ. ಅವಳು ಬುಟ್ಟಿ ಇಳಿಸಿ ಅವನನ್ನು ಎತ್ತಿಕೊಂಡು, "ಕರಕೊಂಡು ಹೋಗ್ಲೇನ್ರಿ ಬಾಯಾರ? ನಮ್ಮ ಮನ್ಯಾಗ ಆರು ಅದಾವ, ಇದೂ ಒಂದು ಇರ್ಲಿ" ಎಂದು ನಗಿಸಿದಳು. ಆದರೆ ಅವಳು ಹೊರಟಾಗ ಅವನು ಗೇಟಿನ ಸಳಿ ಹಿಡಿದು ನಿಂತಿದ್ದನ್ನು ನಾನು ನೋಡಿದೆ. ಹೀಗೆ ಎಷ್ಟೋ ಸಲ ಆಯಿತು. ಈಗ ಅಂಥ ಸೆರಗಿನವರು ಕಂಡರೆ ನನ್ನ ಹಿಂದೆ ಅಡಗುತ್ತಾನೆ.

ಆಮೇಲೆ ಅವನು ಜಾನಕಿಬಾಯಿಯವರನ್ನೇ ಅವ್ವ ಎನ್ನತೊಡಗಿದ. ಜ್ವರ ಬಂದಾಗ ಅವರ ಮಡಿಲು ಬಿಟ್ಟು ಇಳಿಯಲಿಲ್ಲ. ಅವರಿಗೆ ಸ್ವಂತ ಮಕ್ಕಳಿಲ್ಲ. ಸುಮ್ಮನಿದ್ದಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಅವರು ಅವನ ಗದ್ದ ಹಿಡಿದು, "ತಮ್ಮಾ, ನಾ ಜಾನಕಿಬಾಯಿ ಅದೀನಿ. ನಿಮ್ಮವ್ವ ಮಿರಜಿನ್ಯಾಗ ಇದ್ದಾಳ, ಬರ್ತಾಳ" ಎಂದರು. ಹೇಳಿ, ಒಲೆಗೆ ಕಟ್ಟಿಗೆ ಹಾಕುತ್ತೇನೆಂದು ಒಳಗೆ ಹೋದರು. ಒಲೆಯಲ್ಲಿ ಕಟ್ಟಿಗೆ ಬೇಕಾದಷ್ಟಿತ್ತು. ಅಂದಿನಿಂದ ಅವನಿಗೆ ಉಣಿಸುವಾಗ ಇದು ಅಜ್ಜನ ತುತ್ತು, ಇದು ಕಾಕಾನ ತುತ್ತು ಎಂದು ಹೇಳುತ್ತ, ಕೊನೆಯದನ್ನು ಮಾತ್ರ ತಾವು ಉಣಿಸುವುದಿಲ್ಲ. ತಾಟಿನ ಅಂಚಿಗೆ ಇಟ್ಟು, "ಇದು ನಿಮ್ಮವ್ವಂದು. ಇದನ್ನ ಉಣಿಸಾಕಿ ಆಕೀನಽ" ಎನ್ನುತ್ತಾರೆ. ಅವನು ಬಾಗಿಲ ಕಡೆ ಒಮ್ಮೆ ನೋಡಿ, ಯಾರೂ ಬಾರದಿದ್ದರೆ ತಾನೇ ಎತ್ತಿ ತಿನ್ನುತ್ತಾನೆ.

ಅವ್ವ, ಇವರ ಉಪಕಾರ ಹೇಗೆ ತೀರಿಸುವುದೆಂದು ಕೇಳಿದ್ದೀ. ನಾನು ಅವರನ್ನೇ ಕೇಳಿದೆ. "ಆಕಿ ನಡಕೋತ ಬಂದ್ರ ತೀರಿತು" ಎಂದರು. ಪ್ರೇಮಾಬಾಯಿಯವರಿಗೆ ನಮಸ್ಕಾರ ತಿಳಿಸು. ಅವರೂ ಬೇಗ ಬಾದಾಮಿಗೆ ಮರಳಲಿ. ಗದಗಿನಲ್ಲಿ ಗಾಡಿ ಬದಲಿಸುವಾಗ ಅವಸರ ಮಾಡಬೇಡ, ಥಂಡಿ ಬಹಳ ಇದೆ, ಕಿವಿಗೆ ಬಟ್ಟೆ ಕಟ್ಟಿಕೋ.

ನಿನ್ನ ದಾರಿ ನೋಡುವ ಮಗಳು,
ಯಮನವ್ವ

ತಾ.ಕ.: ಟಪಾಲಿನವನು ಬಂದಿದ್ದಾನೆ. ಪ್ರೇಮಾಬಾಯಿಯವರೇ, ಇಷ್ಟನ್ನು ಎರಡು ಸಲ ಓದಿ ಹೇಳಿರಿ. ಅವ್ವ, ಸೀರೆ ಕಳಿಸುವುದಿಲ್ಲ. ದವಾಖಾನೆಯ ಬಿಳಿ ಸೀರೆಯಲ್ಲೇ ಬಾ. ಗೇಟಿನಲ್ಲಿ ನಿಂತು ಕರೆಯಬೇಡ, ಅವನು ಅಡಗುತ್ತಾನೆ. ಊಟದ ಹೊತ್ತಿಗೆ ಬಂದು ಸುಮ್ಮನೆ ಅವನ ತಾಟಿನ ಪಕ್ಕ ಕೂಡ್ರು. ಇನ್ನು ಮಕ್ಕಳನ್ನು ಮುಟ್ಟಬಹುದೆಂದು ಡಾಕ್ಟರರೇ ಹೇಳಿದ್ದಾರೆ, ನೀನು ಕೈ ಹಿಂದೆ ತೆಗೆಯಬೇಡ. ಕೊನೆಯ ತುತ್ತು ಅಂಚಿನಲ್ಲಿ ಇರುತ್ತದೆ. ಅದನ್ನು ಎತ್ತಿ ಹಿಡಿ. ಯಾರದೆಂದು ಅವನಿಗೆ ಗೊತ್ತಿದೆ.