ನಿನ್ನ ಹೃದಯ ಚೆನ್ನಾಗಿದೆಯಂತೆ

ತಮ್ಮಾ,

ಇವತ್ತು ಬೆಳಿಗ್ಗೆ ಡಾಕ್ಟರಮ್ಮ ನನ್ನನ್ನು ಒಳಗೆ ಕರೆದು ಕೂರಿಸಿ, ನಿನ್ನ ಹೃದಯ ದಾನ ಮಾಡುತ್ತೀರಾ ಎಂದು ಕೇಳಿದರು. ತಕ್ಷಣ ನನಗೆ ಅನುಮಾನ ಬಂತು. ಇವರು ಇಷ್ಟು ಬೇಗ ನಿನ್ನ ಕೈಬಿಟ್ಟದ್ದು ಇದಕ್ಕೇ ಇರಬೇಕು.

"ಮೈತುಂಬ ಡ್ರಗ್ಸ್ ವಿಷ ಏರಿದೆ ಅಂದ್ರಿ. ಅಂಥವನ ಹೃದಯ ಯಾರಿಗೆ ಬೇಕು?" ಎಂದೆ.

"ಉಸಿರು ನಿಂತು ಮೆದುಳು ಸತ್ತುಹೋಯ್ತಮ್ಮಾ. ಹೃದಯ ಮಾತ್ರ ಚೇತರಿಸ್ಕೊಂಡಿದೆ. ಎರಡು ಸಲ ಸ್ಕ್ಯಾನ್ ಮಾಡಿ ನೋಡಿದೀವಿ."

"ನಂಗೆ ತೋರ್ಸಿ."

ಬೇಸರಿಸದೆ ತೋರಿಸಿದರು. ಪರದೆಯ ಮೇಲೆ ಅದು ತನ್ನ ಪಾಡಿಗೆ ಬಡಿದುಕೊಳ್ಳುತ್ತಿತ್ತು. "ಏನೂ ದೋಷ ಇಲ್ಲ, ನಂಬಿ," ಎಂದರು.

ನೀನು ಮನೆಗೆ ಬಂದಾಗೆಲ್ಲ ಬಾಗಿಲಲ್ಲೇ ನಿಲ್ಲಿಸಿ ಜೇಬು ತಡಕುತ್ತಿದ್ದೆನಲ್ಲ, ಆಗ ನೀನೂ ಎರಡೂ ಕೈ ಮೇಲೆತ್ತಿ ಹೀಗೇ ಅನ್ನುತ್ತಿದ್ದೆ: "ಏನೂ ಇಲ್ಲಕ್ಕಾ, ನಂಬು." ಎಷ್ಟೋ ಸಲ ನಿಜವಾಗಿಯೂ ಏನೂ ಇರುತ್ತಿರಲಿಲ್ಲ.

ಒಪ್ಪಿಗೆ ಕೊಟ್ಟೆ. ಒಯ್ದು ಎಲ್ಲಾದರೂ ಎಸೆದುಬಿಡುತ್ತಾರೇನೋ ಎಂದು ಆಗಲೂ ಒಳಗೇ ಕೊರೆಯುತ್ತಿತ್ತು. ಸಂಜೆ ನರ್ಸ್ ಬಂದು, ನಿನ್ನ ಹೃದಯ ಇನ್ನೊಬ್ಬರ ಎದೆಯಲ್ಲಿ ಬಡಿಯತೊಡಗಿದೆ ಎಂದು ಹೇಳಿ, ನಿನ್ನ ಅಂಗಿಯನ್ನು ಕೈಗಿತ್ತಳು.

ಮನೆಗೆ ಬಂದು ಮಡಿಸಿಡೋಣವೆಂದು ಬಿಚ್ಚಿದರೆ, ನನ್ನ ಕೈ ಮೊದಲು ಜೇಬಿಗೇ ಹೋಯಿತು.