ಬಾಗಿಲಿಗೆ ಕಟ್ಟದ ಬೇವಿನ ಸೊಪ್ಪು

ರಾಬರ್ಟ್‌ಸನ್‌ಪೇಟೆ
೨–೬–೧೯೫೮

ಹೆತ್ತ ತಾಯಿಗಿಂತ ಹೆಚ್ಚಾಗಿ ನನ್ನನ್ನು ಸಾಕಿದ ಅಕ್ಕ ವೆಂಕಟರತ್ನಮ್ಮನಿಗೆ, ತಮ್ಮ ಕೋದಂಡಪ್ಪ ಮಾಡುವ ನಮಸ್ಕಾರಗಳು.

ನಾನು ಕ್ಷೇಮ ಎಂದು ಬರೆಯಲು ನಾಚಿಕೆಯಾಗುತ್ತದೆ. ಮೈಗಂತೂ ಏನೂ ಆಗಿಲ್ಲ. ಜಯರಾಮಪ್ಪ ಮೇಷ್ಟ್ರ ಕೈಯಲ್ಲಿ ನೀನು ಬರೆಸಿದ ಕಾಗದ ಬಂದು ಹದಿನೆಂಟು ದಿನವಾಯಿತು. ಡ್ಯೂಟಿ ಜಾಸ್ತಿ ಎಂದು ಸುಳ್ಳು ಹೇಳಲಾರೆ. ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಹರಿದು ಹಾಕಿದೆ. ತಪ್ಪಾಯಿತು. ಬಂಗಾರಪೇಟೆಯಲ್ಲಿ ಮಳೆ ಬಿತ್ತೇ? ಕದಿರಮ್ಮನ ಮಗು ಹೇಗಿದ್ದಾಳೆ? ಅಮ್ಮನನ್ನು ಕೇಳಿ ಅಳುತ್ತಾಳೆಯೇ?

ನಿನ್ನ ಮಾತನ್ನು ಮೇಷ್ಟ್ರು ಇದ್ದಂತೆಯೇ ಇಳಿಸಿದ್ದಾರೆ. “ನನ್ ಮಗಳು ಕದಿರಮ್ಮನ್ನ ಸಿಡುಬಿನಮ್ಮ ಬಂದಿರೋ ಮನೆಗೆ ಕೆಂಡ ತರೋಕೆ ಅಟ್ಟಿ ಸಾಯಿಸ್ದೋನು ಅವುಳ ಗಂಡ ಮುನಿಶಾಮಿ. ಮಗೂನ ಕೊಡು ಅಂತ ಬಂದಿದ್ದ. ಉಗ್ದು ಬಾಗ್ಲು ಹಾಕ್ದೆ. ಇನ್ ಅವುನಿಗೆ ಮಗೀನ ಮಖ ತೋರ್ಸಲ್ಲ” ಎಂದಿದ್ದೀಯ.

ಅಕ್ಕ, ನಿನ್ನ ಅಳಿಯನದು ತಪ್ಪಿಲ್ಲ. ಕದಿರಮ್ಮ ಕೆಂಡಕ್ಕೆ ಹೋದ ಹೊತ್ತಿನಲ್ಲಿ ಅವನು ಗಣಿಯೊಳಗೆ ಷಿಫ್ಟಿನಲ್ಲಿದ್ದ. ತಪ್ಪು ಖಾಕಿ ತೊಟ್ಟ ನಮ್ಮ ಪೊಲೀಸರದು. ಪೂರ್ತಿ ಕೇಳಿ ಆಮೇಲೆ ಅವನನ್ನು ಬೈಯುವುದಿದ್ದರೆ ಬೈಯಿ.

ಯುಗಾದಿ ಆದ ಮೇಲೆ ಉರಿಗಾಂ ಗಣಿ ಕೂಲಿಗಳ ಲೈನ್ ಮನೆಗಳಲ್ಲಿ ಸಿಡುಬು ಎದ್ದಿತು. ರೋಗಿಗಳನ್ನೆಲ್ಲ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದಾಚೆಯ ತಗಡಿನ ಷೆಡ್ಡಿಗೆ ಸಾಗಿಸಬೇಕೆಂದು ಹುಕುಂ ಬಂತು. ಕೆಲಸ ಪೊಲೀಸರ ತಲೆಗೆ ಬಿತ್ತು. ಅಮ್ಮ ಬಂದ ಮನೆಯವರು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆಂದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಸೊಪ್ಪು ಕಂಡರೆ ಹೊರಗಿನವರು ಹೊಸಿಲು ದಾಟುವುದಿಲ್ಲ, ಒಳಗಿನವರು ಬೆಂಕಿ, ಮಜ್ಜಿಗೆ ಏನನ್ನೂ ಆಚೆಗೆ ಕೊಡುವುದಿಲ್ಲ. ಎಷ್ಟು ಜೀವ ಉಳಿಸಿತ್ತೋ ಆ ಸೊಪ್ಪು. ನಮ್ಮ ಸಾಹೇಬರು ಅದನ್ನೇ ಗುರುತು ಮಾಡಿಕೊಂಡು, ಸೊಪ್ಪಿದ್ದ ಬಾಗಿಲನ್ನೆಲ್ಲ ಒದೆಸಿದರು.

ಥೂ, ನೆನೆದರೆ ಇವತ್ತಿಗೂ ಅನ್ನ ಸೇರುವುದಿಲ್ಲ. ಮುಟ್ಟಲು ನಮಗೆ ಹೆದರಿಕೆ. ಲಾಠಿ ತುದಿಯಿಂದ ಕಂಬಳಿ ಸರಿಸಿ, ದನ ಎಬ್ಬಿಸಿದಂತೆ ತಿವಿದು ಎಬ್ಬಿಸಿದೆವು. ಚಿಕ್ಕವೆಂಕಟಮ್ಮ ಎಂಬ ಮುದುಕಿ, ಮೈಯೆಲ್ಲ ಗುಳ್ಳೆ, ಸೀರೆ ಸರಿಮಾಡಿಕೊಳ್ಳುತ್ತೇನೆ ಒಂದು ಗಳಿಗೆ ತಾಳಿ ಎಂದಳು. ತಾಳಲಿಲ್ಲ. ಸಾಹೇಬರು ಸೆಂಟು ಹಾಕಿದ ಕರ್ಚೀಫನ್ನು ಮೂಗಿಗೆ ಒತ್ತಿಕೊಂಡು ಜೀಪಿನಲ್ಲೇ ಕೂತಿದ್ದರು. ಅವಳ ಎರಡು ಕೋಳಿಗಳನ್ನು ದಫೇದಾರ “ರೋಗದ ಮನೇವು” ಎಂದು ಜಪ್ತಿ ಮಾಡಿದ. ಸಂಜೆ ಠಾಣೆಯ ಹಿಂದೆ ಅವು ಸಾರಾದವು. ಪಾತ್ರೆಗೆ ಬಿದ್ದ ಮೇಲೆ ರೋಗ ಎಲ್ಲಿಗೆ ಹೋಯಿತೋ! ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ನಾನೂ ಉಂಡೆ ಅಕ್ಕ.

ಇದು ನಡೆದದ್ದು ಮೂರೇ ದಿನ. ನಾಲ್ಕನೆಯ ದಿನ ಬೆಳಿಗ್ಗೆ ಲೈನಿನ ಒಂದು ಬಾಗಿಲಲ್ಲೂ ಸೊಪ್ಪಿರಲಿಲ್ಲ. ರೋಗ ಇಳಿದಿದೆ ಎಂದು ಸಾಹೇಬರು ಮೇಲಕ್ಕೆ ವರದಿ ಕಳಿಸಿಬಿಟ್ಟರು. ಸಿಡುಬು ಬಾರದಂತೆ ತೋಳಿಗೆ ದಾಕು ಚುಚ್ಚುವವರು ಬಂದಾಗಲೂ, ಜೊತೆಯಲ್ಲಿ ನಮ್ಮನ್ನು ಕಂಡು ಜನ ಅಗುಳಿ ಹಾಕಿಕೊಂಡರು.

ಆ ವಾರವೇ ಕದಿರಮ್ಮ ಪಕ್ಕದ ಸೊಣ್ಣಮ್ಮನ ಮನೆಗೆ ಕೆಂಡಕ್ಕೆ ಹೋದದ್ದು. ಬಾಗಿಲು ಬರಿದಾಗಿತ್ತು. ಒಳಗೆ ಕತ್ತಲಲ್ಲಿ ಸೊಣ್ಣಮ್ಮನ ಮಗ ಕಂಬಳಿ ಹೊದ್ದು ನರಳುತ್ತಿದ್ದ. ಬರೀ ಜ್ವರವೆಂದು ತಿಳಿದು ಎತ್ತಿ ತೊಡೆಯ ಮೇಲೆ ಹಾಕಿಕೊಂಡಳಂತೆ. ಆಮೇಲೆ ಸೊಣ್ಣಮ್ಮ ನನ್ನ ಕಾಲು ಹಿಡಿದು ಅತ್ತಳು. “ಸೊಪ್ಪು ಮಗೀನ ಆಸಿಗೆ ಅಡೀಲಿ ಮಡ್ಗಿದ್ದೆ ಸಾಮಿ. ಬಾಗ್ಲಿಗೆ ಕಟ್ಟಿದ್ರೆ ನೀವು ಎತ್ಕೊಂಡೋಗ್ತಿದ್ರಿ. ಕದಿರಮ್ಮಂಗೆ ಏಳೋಕೆ ಬಾಯೇ ಬರ್ಲಿಲ್ಲ” ಎಂದಳು. ಅವಳನ್ನು ಬೈಯಲು ನನಗೆ ಯಾವ ಮುಖವಿದೆ?

ಹನ್ನೆರಡು ದಿನದ ಮೇಲೆ ಕದಿರಮ್ಮನಿಗೆ ಜ್ವರ ಬಂತು. ನಾನು ಮಗುವನ್ನು ತಂದು ನಿನ್ನ ಮಡಿಲಿಗೆ ಹಾಕಿದ್ದು ಆಗಲೇ. ಗುಳ್ಳೆ ಎದ್ದ ಮೇಲೆ ಅವಳನ್ನೂ ಷೆಡ್ಡಿಗೆ ಸಾಗಿಸಿದರು. ಅಲ್ಲಿ ಕಾವಲಿಗಿದ್ದ ನಮ್ಮವರು ನೀರಿನ ಮಡಕೆಯನ್ನು ಗೇಟಿನಾಚೆಯೇ ಇಟ್ಟು ದೂರ ನಿಲ್ಲುತ್ತಿದ್ದರು. ಒಳಗೆ ಹೋಗಿ ಅವಳ ಮೈ ಒರೆಸಿದವನು, ಕಡೆಗೆ ಬಾಯಿಗೆ ನೀರು ಬಿಟ್ಟವನು ಮುನಿಶಾಮಿ ಒಬ್ಬನೇ. ಒಂಬತ್ತು ದಿನ ಕೆಲಸಕ್ಕೂ ಹೋಗಲಿಲ್ಲ. ಅಂಥವನ ಮುಖಕ್ಕೆ ನೀನು ಬಾಗಿಲು ಹಾಕಿದೆಯಲ್ಲ ಅಕ್ಕ.

ಬರುವ ಭಾನುವಾರ ಅವನು ಬೆಳಗಿನ ರೈಲಿಗೆ ಬರುತ್ತಾನೆ. ಮಗುವನ್ನು ಅವನ ಕೈಗೆ ಕೊಡು. ಉರಿಗಾಂನಲ್ಲಿ ಅವನ ಅಕ್ಕ ಅಮ್ಮಾಜಮ್ಮ ನೋಡಿಕೊಳ್ಳುತ್ತಾಳೆ. ನಿನಗೆ ಮಗುವನ್ನು ಬಿಟ್ಟಿರಲು ಕಷ್ಟ, ಬಲ್ಲೆ. ಅವನಿಗೆ ಉಳಿದಿರುವುದು ಅದೊಂದೇ.

ಭಾವನವರಿಗೆ ನಮಸ್ಕಾರ. ಮಗು ನೂರು ಕಾಲ ಬಾಳಲಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ನಿನ್ನ ಆಯಸ್ಸೂ ಗಟ್ಟಿಯಾಗಿರಲಿ.

ಇಂತಿ ನಿನ್ನ ತಮ್ಮ
ಕೋದಂಡಪ್ಪ

ತಾ.ಕ.: ಜಯರಾಮಪ್ಪ ಮೇಷ್ಟ್ರೇ, ಕೈ ಮುಗಿಯುತ್ತೇನೆ, ಇದನ್ನು ಬಿಡದೆ ಅಕ್ಕನಿಗೆ ಓದಿ ಹೇಳಿ.

ಅಕ್ಕ, ಸಾಹೇಬರು ಈ ಸೀಮೆಯವರಲ್ಲ. ರೋಗದ ಮನೆ ಹುಡುಕುವುದು ಹೇಗೆಂದು ಅವರಿಗೆ ತೋಚಿರಲಿಲ್ಲ. ಸೆಲ್ಯೂಟ್ ಹೊಡೆದು, “ಬಾಗಿಲಲ್ಲಿ ಬೇವಿನ ಸೊಪ್ಪು ನೋಡಿದರೆ ಸಾಕು ಸಾರ್” ಎಂದವನು ನಾನು. ಭೇಷ್ ಎಂದು ಬೆನ್ನು ತಟ್ಟಿದರು. ಅದೇ ಹೆಮ್ಮೆಯಲ್ಲಿ ನೇರವಾಗಿ ಕದಿರಮ್ಮನ ಮನೆಗೆ ಹೋಗಿ ಕೊಚ್ಚಿಕೊಂಡೆ. ಮುದ್ದೆ ಬಡಿಸುತ್ತಿದ್ದವಳು ಕೈ ನಿಲ್ಲಿಸಿ, “ಇಡ್ಕೊಂಡೋಗ್ತಾರೆ ಅಂದ್ರೆ ನಾಳೆಯಿಂದ ಸೊಪ್ಪು ಯಾರು ಕಟ್ತಾರೆ ಮಾಮ?” ಎಂದಳು. ಪೊಲೀಸ್ ಕೆಲಸ ನಿನಗೇನು ತಿಳಿಯುತ್ತೆ ಎಂದು ನಕ್ಕುಬಿಟ್ಟೆ.

ಆಗ ಮುನಿಶಾಮಿ ನನ್ನ ಪಕ್ಕದಲ್ಲೇ ಉಣ್ಣುತ್ತಾ ಕೂತಿದ್ದ. ಅವನಿಗೆ ಎಲ್ಲಾ ಗೊತ್ತು. ನಿನ್ನ ಹೊಸಿಲಲ್ಲಿ ನಿಂತು ಅಷ್ಟು ಉಗಿಸಿಕೊಂಡರೂ ಅವನು ನನ್ನ ಹೆಸರೆತ್ತಲಿಲ್ಲ.