ನಡುವೆ ಬಾಗಿಲಿರುವ ಎರಡು ಕೋಣೆ

ಭಾನುವಾರ, ಬೆಳಿಗ್ಗೆ ಎಂಟೂವರೆ
ಕೋಣೆ ಇನ್ನೂರ ಹದಿನಾಲ್ಕು

ನನ್ನ ಗುಬ್ಬೀ,

ನಿನ್ನ ಮನೆಯ ವಿಳಾಸ ನನ್ನ ಹತ್ತಿರ ಇಲ್ಲ. ಅದಕ್ಕೇ ಇದನ್ನು ನಿನ್ನ ಆಫೀಸಿಗೆ ಹಾಕುತ್ತಿದ್ದೇನೆ. ನೀನು ಬರೆಯುವ ಕಟ್ಟಡಗಳ ನಕ್ಷೆಯ ಮಧ್ಯೆ ಅಮ್ಮನ ಕಾಗದ ಬಂದು ಬಿದ್ದರೆ ಮುಜುಗರ ಆಗುತ್ತದೆ ಅಂತ ಗೊತ್ತು. ಓದದೆ ಹರಿದು ಹಾಕಿದರೂ ಏನೂ ಅನ್ನುವ ಬಾಯಿ ನನಗಿಲ್ಲ. ನಿನ್ನೆ ನೀನು ಚೀಲ ಹಿಡಿದು ನಿಂತಾಗಲೂ ನಾನು ನಿಜ ಹೇಳಲಿಲ್ಲ. ಒಂದು ಸುಳ್ಳು ಮಾತ್ರ ಸಲೀಸಾಗಿ ಬಂತು. ಅದನ್ನು ಸರಿಮಾಡದೆ ಈ ಕೋಣೆ ಖಾಲಿ ಮಾಡಲು ನನ್ನಿಂದ ಆಗುತ್ತಿಲ್ಲ.

ಒಂಬತ್ತು ವರ್ಷ ಮಾತಿಲ್ಲದೆ ಇದ್ದು ನೀನು ಫೋನ್ ಮಾಡಿದೆ. ನಿನ್ನದೂ ಅಲ್ಲದ, ನನ್ನದೂ ಅಲ್ಲದ ಒಂದು ಊರಲ್ಲಿ ಮೂರು ದಿನ ಇರೋಣ ಅಮ್ಮ, ಹೋಟೆಲ್ ನೀನೇ ನೋಡು, ಆ ವಿಷಯದಲ್ಲಿ ನಿನ್ನನ್ನ ಮೀರಿಸೋರು ಯಾರಿದ್ದಾರೆ ಅಂದೆ. ಆರಾಮವಾಗಿರಬೇಕು, ಊರಿನ ಮಧ್ಯದಲ್ಲಿರಬೇಕು, ಎಲ್ಲಿಗೆ ಬೇಕಾದರೂ ನಡೆದು ಹೋಗುವಂತಿರಬೇಕು. ಆಮೇಲೆ ಸ್ವಲ್ಪ ಸಣ್ಣ ದನಿಯಲ್ಲಿ, ಕೋಣೆ ಬೇರೆ ಬೇರೆ ಇರಲಿ, ಆದ್ರೆ ಮಹಡೀನೂ ಬೇರೆ ಇರಲಿ ಅಂದೆ. ನಾನು ಹೂಂ ಅಂದೆ. ಅವತ್ತು ನನಗೆ ಹಸಿವೆಯೇ ಆಗಲಿಲ್ಲ.

ಇಪ್ಪತ್ತೆಂಟು ವರ್ಷ ಹೋಟೆಲಿನಲ್ಲಿ ಕೋಣೆಗಳ ಮೇಲ್ವಿಚಾರಕಿಯಾಗಿದ್ದವಳಿಗೆ ಫೋಟೋ ನೋಡಿ ಹೋಟೆಲ್ ಆರಿಸು ಅಂದರೆ ಆಗುತ್ತದೆಯೇ? ನಿನಗೆ ಹೇಳದೆ ಎರಡು ಸಲ ಬಸ್ಸು ಹತ್ತಿ ಇಲ್ಲಿಗೆ ಬಂದೆ. ಹನ್ನೊಂದು ಹೋಟೆಲ್ ನೋಡಿದೆ. ಸ್ಟೇಷನ್ ಎದುರಿನದರಲ್ಲಿ ಹೊದಿಕೆ ಶುಭ್ರ, ಆದರೆ ಪರದೆಯ ಕೆಳಗಂಚನ್ನು ಎತ್ತಿದರೆ ಎರಡು ವರ್ಷದ ಧೂಳು. ನದಿ ದಂಡೆಯದು ನೋಡಲು ಮಹಾರಾಣಿ, ಮಂಚದ ತಲೆಯನ್ನು ಮಾತ್ರ ಲಿಫ್ಟಿನ ಗೋಡೆಗೇ ಒತ್ತಿಟ್ಟಿದ್ದಾರೆ, ರಾತ್ರಿಯಿಡೀ ಅದರ ಸದ್ದು. ಇನ್ನೊಂದು ಕಡೆ ನಾನು ಬಾಗಿಲಿನ ಚೌಕಟ್ಟಿನ ಮೇಲೆ ಬೆರಳಾಡಿಸಿದ್ದನ್ನು ಕಂಡ ಮ್ಯಾನೇಜರು ಇವಳು ಯಾವುದೋ ಇಲಾಖೆಯವಳು ಅಂತ ಹೆದರಿ ಚಹಾ ತರಿಸಿದ. ಕುಡಿದು, ಕೋಣೆ ಬೇಡ ಅಂತ ಹೇಳಿ ಬಂದೆ. ನಿನಗೆ ಇದನ್ನೆಲ್ಲ ಹೇಳಿ ನಗಿಸಬೇಕು ಅಂತ ಕೂಡಿಟ್ಟುಕೊಂಡಿದ್ದೆ.

ಕೊನೆಗೆ ಸಿಕ್ಕಿದ್ದು ಇದು. ಎದುರಿಗೆ ಉದ್ಯಾನ, ಹಿಂದಿನ ಬೀದಿಯಲ್ಲಿ ಮಾರುಕಟ್ಟೆ, ವಸ್ತುಸಂಗ್ರಹಾಲಯಕ್ಕೆ ಐದು ನಿಮಿಷದ ನಡಿಗೆ. ನಲ್ಲಿ ತಿರುಗಿಸಿ ಹತ್ತು ಎಣಿಸುವಷ್ಟರಲ್ಲಿ ಬಿಸಿನೀರು. ಅಡುಗೆಮನೆಯ ಹೊಗೆ ಇಲ್ಲ, ಬೀದಿಯ ಗದ್ದಲ ಇಲ್ಲ. ಐದನೇ ಮಹಡಿಯಲ್ಲೂ ಕೋಣೆಗಳು ಖಾಲಿ ಇದ್ದವು. ಗುಬ್ಬಿ, ಬೇರೆ ಮಹಡಿಯಲ್ಲಿ ಒಂದೂ ಸಿಗಲಿಲ್ಲ ಅಂತ ನಿನಗೆ ಹೇಳಿದೆನಲ್ಲ, ಅದು ಸುಳ್ಳು. ಕುಟುಂಬ ಸಮೇತ ಬರುವವರಿಗೆ ಅಂತ ಕೆಲವು ಹೋಟೆಲುಗಳಲ್ಲಿ ಅಕ್ಕಪಕ್ಕದ ಎರಡು ಕೋಣೆಗಳ ನಡುವೆ ಒಳಬಾಗಿಲು ಇಡುತ್ತಾರೆ. ಇಲ್ಲಿ ಅದನ್ನು ಪರದೆಯಿಂದ ಮುಚ್ಚಿದ್ದಾರೆ, ಗೊತ್ತಿಲ್ಲದವರು ಕಿಟಕಿ ಅಂದುಕೊಳ್ಳಬೇಕು. ಆ ಪರದೆ ಸರಿಸಿ ನೋಡಿದ ತಕ್ಷಣ ನಾನು ಈ ಎರಡು ಕೋಣೆ ಹಿಡಿದೆ. ಉದ್ಯಾನ ನೋಡಿ ಅಲ್ಲ, ಬಿಸಿನೀರು ನೋಡಿ ಅಲ್ಲ.

ತಪ್ಪು ಅಂತ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಮನಸ್ಸು ಎಷ್ಟು ಕಳ್ಳ ನೋಡು. ಅವಳಿಗೆ ಹುಷಾರು ತಪ್ಪಿದರೆ, ಕೂಗಿದರೆ ನನಗೆ ಕೇಳಿಸಬೇಡವೇ ಅಂತ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಮೂವತ್ತೊಂದು ವರ್ಷದವಳು ನೀನು.

ಶುಕ್ರವಾರ ಎಷ್ಟು ಚೆನ್ನಾಗಿತ್ತು! ನೀನು ಮೊದಲು ನನ್ನ ಕೈ ನೋಡಿದೆ, ಎಷ್ಟು ಒರಟಾಗಿದೆ ಅಮ್ಮ ಅಂದೆ. ಉದ್ಯಾನದ ಬೆಂಚಿನ ಮೇಲೆ ಕೂತು ಎದುರಿನ ಕಟ್ಟಡದ ಮೆಟ್ಟಿಲನ್ನು ಕಟ್ಟಿದವನು ಕುಡಿದಿದ್ದಿರಬೇಕು ಅಂತ ನೀನು ನಕ್ಕೆ. ನಾನೂ ನಕ್ಕೆ, ಆ ಮೆಟ್ಟಿಲಲ್ಲಿ ಏನು ತಪ್ಪಿತ್ತೋ ನನಗಂತೂ ಕಾಣಲಿಲ್ಲ. ಊಟ ಮಾಡುವಾಗ ನೀನೇ ನಿನ್ನ ತಟ್ಟೆಯಿಂದ ನನ್ನ ತಟ್ಟೆಗೆ ಒಂದು ತುಂಡು ಬ್ರೆಡ್ಡು ಹಾಕಿದೆ, ಕೇಳದೆಯೇ. ಭಾನುವಾರ ನಿನಗೊಂದು ವಿಷಯ ಹೇಳೋದಿದೆ, ಅಲ್ಲೀವರೆಗೂ ಕೆದಕಬೇಡ ಅಂದೆ. ಕೆದಕೋದಿಲ್ಲ ಅಂದೆ ನಾನು.

ಶನಿವಾರ ಬೆಳಿಗ್ಗೆ ನೀನು ಕೆಳಗೆ ಚಹಾಕ್ಕೆ ಹೋದ ಸದ್ದು ಕೇಳಿಸಿತು. ಕೆಲಸದವಳು ನಿನ್ನ ಹಾಸಿಗೆಯನ್ನು ಹೇಗೆ ಹಾಸಿರುತ್ತಾಳೋ, ಮೂಲೆ ಸರಿಯಾಗಿ ಮಡಚಿದ್ದಾಳೋ ಇಲ್ಲವೋ, ಅಷ್ಟು ನೋಡಿ ಬರೋಣ ಅನ್ನಿಸಿತು. ನನ್ನ ಕಡೆಯ ಚಿಲಕ ತೆಗೆದೆ. ನಿನ್ನ ಕಡೆಯ ಚಿಲಕ ಹಾಕಿರಲಿಲ್ಲ. ಹಾಸಿಗೆಯ ಮೂಲೆ ಸರಿಪಡಿಸುತ್ತಿದ್ದೆ, ಅಷ್ಟೇ. ನಿನ್ನ ಚೀಲವನ್ನು ನಾನು ಮುಟ್ಟಲಿಲ್ಲ. ಅಷ್ಟರಲ್ಲಿ ಕನ್ನಡಕ ಮರೆತೆ ಅಂತ ನೀನು ವಾಪಸು ಬಂದೆ.

ನೀನು ಕಿರುಚಿದ್ದರೆ ಚೆನ್ನಾಗಿತ್ತು. ಹಿಂದಿನ ಹಾಗೆ ತಟ್ಟೆ ಎಸೆದಿದ್ದರೂ ಆಗುತ್ತಿತ್ತು. ನೀನು ಮೆಲ್ಲಗೆ, ಈ ಬಾಗಿಲು ಇದೆ ಅಂತ ನಿಂಗೆ ಮೊದಲೇ ಗೊತ್ತಿತ್ತಾ ಅಂತ ಕೇಳಿದೆ. ಇಲ್ಲ, ಈಗ ತಾನೇ ನೋಡಿದೆ ಅಂದೆ ನಾನು. ಅದೇ ಆ ಸುಳ್ಳು. ನೀನು ಬಟ್ಟೆ ಮಡಚುತ್ತಾ ಹೇಳಿದ್ದು ನನ್ನ ಕಿವಿಯಲ್ಲಿ ಕೂತುಬಿಟ್ಟಿದೆ. ಮನೆ ನಕ್ಷೆ ಬರೆಯೋಳಿಗೆ ಗೋಡೆಯಲ್ಲಿ ಬಾಗಿಲು ಎಲ್ಲಿದೆ ಅಂತ ಗೊತ್ತಾಗಲ್ವಾ ಅಮ್ಮ, ನಿನ್ನೆ ಬಂದ ತಕ್ಷಣ ನೋಡಿದೆ, ಚಿಲಕ ಹಾಕೋಣ ಅಂತ ಕೈ ಇಟ್ಟೆ, ಆಮೇಲೆ ಇರಲಿ ಅಂತ ಬಿಟ್ಟೆ, ನೀನು ತಟ್ಟಿ ಬರ್ತೀಯ ಅಂದ್ಕೊಂಡೆ ಅಂದೆ.

ಬಾಗಿಲು ತಟ್ಟುವುದು! ಕೆಲಸಕ್ಕೆ ಸೇರುವ ಪ್ರತಿಯೊಬ್ಬ ಹುಡುಗಿಗೂ ನಾನು ಮೊದಲ ದಿನ ಹೇಳಿಕೊಡುತ್ತಿದ್ದುದು ಅದೇ. ಮೂರು ಸಲ ತಟ್ಟಬೇಕು, ನೀವು ಯಾರು ಅಂತ ಹೇಳಬೇಕು, ಐದು ಎಣಿಸಬೇಕು, ಮತ್ತೆ ತಟ್ಟಬೇಕು. ಒಳಗೆ ಯಾರೂ ಇಲ್ಲ ಅಂತ ಗೊತ್ತಿದ್ದರೂ ತಟ್ಟಬೇಕು. ತಟ್ಟದೆ ಒಳಗೆ ಹೋದ ಒಬ್ಬಳನ್ನು ನಾನೇ ಕೆಲಸದಿಂದ ತೆಗೆಸಿದ್ದೇನೆ, ಅವಳು ಎಷ್ಟು ಅತ್ತರೂ. ನಮ್ಮ ಮನೆಯಲ್ಲಿ ನಿನ್ನ ಬಾಗಿಲನ್ನು ನಾನು ಒಂದು ದಿನವೂ ತಟ್ಟಲಿಲ್ಲ. ಅಪರಿಚಿತರಿಗೆ ಕೊಟ್ಟ ಮರ್ಯಾದೆಯನ್ನು ನಿನಗೆ ಕೊಡಬೇಕು ಅಂತ ಹೊಳೆಯಲೇ ಇಲ್ಲ, ನೀನು ನನ್ನವಳಲ್ಲವೇ.

ಹೋಟೆಲಿನ ಅಭ್ಯಾಸದಂತೆ ತಿಂಗಳಿಗೊಮ್ಮೆ ನಿನ್ನ ಹಾಸಿಗೆ ಮಗುಚಿ ಹಾಕುತ್ತಿದ್ದೆ. ಹಾಗೆಯೇ ಆ ಹುಡುಗ ನಿನಗೆ ಬರೆದ ಪತ್ರಗಳು ಸಿಕ್ಕಿದ್ದು. ಓದಿದೆ, ಒಂದನ್ನೂ ಬಿಡದೆ. ಅವನ ಕಾರ್ಖಾನೆಯ ಗೇಟಿನ ಮುಂದೆ ನಿಂತು, ನಾಲ್ಕು ಜನ ಸೇರುವಂತೆ, ನೀನು ಅವನಿಗೆ ಬರೆದಿದ್ದಿರಬಹುದಾದ ಮಾತುಗಳನ್ನೆಲ್ಲ ನಾನೇ ಊಹಿಸಿ ಕೂಗಿ ಹೇಳಿದೆ, ನಿಮ್ಮಿಬ್ಬರ ಮಾನ ಕಳೆದೆ. ಅವನು ಒಳ್ಳೆಯವನು ಅಂತ ಪತ್ರ ಓದಿದ ನನಗೆ ಆಗಲೇ ಗೊತ್ತಿತ್ತು, ಗುಬ್ಬಿ. ನಿನ್ನನ್ನು ನನಗಿಂತ ಚೆನ್ನಾಗಿ ಬಲ್ಲವನೊಬ್ಬ ಇದ್ದಾನಲ್ಲ ಅಂತ ಹೊಟ್ಟೆ ಉರಿಯಿತು. ಮಾರನೇ ದಿನ ನೀನು ಮನೆ ಬಿಟ್ಟು ಹೋದೆ. ಆಮೇಲೆ ಅವನನ್ನೇ ಮದುವೆಯಾದೆ ಅಂತ ಬೇರೆಯವರಿಂದ ತಿಳಿಯಿತು.

ಈಗ ನಿನ್ನ ಕೋಣೆ ಖಾಲಿಯಾಗಿದೆ. ನಡುವಿನ ಬಾಗಿಲನ್ನು ನಾನು ಮುಚ್ಚಿದ್ದೇನೆ. ಬೆಳಿಗ್ಗೆ ಕೆಲಸದ ಹೆಂಗಸು ಬಂದು ನಿನ್ನ ಕೋಣೆಯ ಕಡೆಯಿಂದ ಆ ಬಾಗಿಲನ್ನೇ ತಟ್ಟಿದಳು, ಮೂರು ಸಲ. ನೀನೇ ಅಂದುಕೊಂಡು ಎದ್ದು ಓಡಿದೆ. ಹೊದಿಕೆ ಬದಲಾಯಿಸಬೇಕೇ ಅಂತ ಕೇಳಿದಳು. ಬೇಡ ಅಂದೆ.

ಕ್ಷಮಿಸು ಅಂತ ಬರೆಯಲು ಕೂತವಳು. ಬರೆಯುತ್ತಾ ಬರೆಯುತ್ತಾ, ನಿನ್ನ ಜಾಗದಲ್ಲಿ ನಾನಿದ್ದರೆ ಕ್ಷಮಿಸುತ್ತಿರಲಿಲ್ಲ ಅನ್ನಿಸುತ್ತಿದೆ. ನನ್ನನ್ನು ನಾನು ತಿದ್ದಿಕೊಳ್ಳುತ್ತೇನೆ ಅಂತ ಮಾತು ಕೊಡುವ ಧೈರ್ಯವೂ ಇಲ್ಲ. ಅರವತ್ತಮೂರು ವರ್ಷದ ಕೈ ಇದು. ಬಾಗಿಲು ಕಂಡರೆ ತೆಗೆಯುತ್ತದೆ.

ನಿನಗೆ ಒಳ್ಳೆಯದಾಗಲಿ ಅಂತ ದಿನಾ ಬೇಡುವ,
ನಿನ್ನ ಅಮ್ಮ

ತಾ.ಕ.: ಮಧ್ಯಾಹ್ನ ಎರಡು ಗಂಟೆ. ಮೇಲೆ ಬರೆದದ್ದರಲ್ಲಿ ಇನ್ನೊಂದು ಸುಳ್ಳಿದೆ. ನಿನ್ನ ಚೀಲವನ್ನು ಮುಟ್ಟಿದೆ. ನಿನ್ನ ಸಣ್ಣ ಪುಸ್ತಕ ತೆರೆದು ನೋಡಿದೆ. ಭಾನುವಾರದ ಪುಟದಲ್ಲಿ, ಹನ್ನೆರಡೂ ಹತ್ತರ ರೈಲು, ಇವರು ಮತ್ತು ಪಾಪು, ಅಮ್ಮನಿಗೆ ಪಾಪುವನ್ನ ತೋರಿಸೋದು ಅಂತ ಇತ್ತು. ನನಗೊಂದು ಮೊಮ್ಮಗು ಇದೆ ಅಂತ ನಾನು ತಿಳಿದದ್ದು ಹೀಗೆ, ಕದ್ದು. ನೀನು ಬಾಯಾರೆ ಹೇಳಬೇಕೆಂದಿದ್ದ ಮಾತನ್ನು ಒಂದು ದಿನ ಮೊದಲು ನಾನೇ ಕಿತ್ತುಕೊಂಡೆ.

ಕಾಗದ ಮುಗಿಸಿ ಸ್ಟೇಷನ್ನಿಗೆ ಹೋದೆ. ನೀನು ನಿನ್ನೆಯೇ ಊರಿಗೆ ಹೊರಟಿರುತ್ತೀಯ, ಅವರನ್ನು ಬರಬೇಡಿ ಅಂದಿರುತ್ತೀಯ ಅಂದುಕೊಂಡಿದ್ದೆ. ನೀನು ಪ್ಲಾಟ್‌ಫಾರಂ ಮೇಲೆ ನಿಂತಿದ್ದೆ. ನಾನು ಪುಸ್ತಕದಂಗಡಿಯ ಹಿಂದೆ ನಿಂತೆ, ಮತ್ತೆ ಕಳ್ಳಿಯ ಹಾಗೇ. ಪಾಪು ರೈಲಿಳಿದು ನಿನ್ನ ಕಡೆ ಓಡಿ ಬಂದಳು. ಮೂರು ವರ್ಷ ಇರಬಹುದೇ? ಕೂದಲು ನಿನ್ನದೇ. ನೀವು ಮೂವರೂ ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ಹಾದುಹೋದಿರಿ, ಅಜ್ಜಿ ಎಲ್ಲಿ ಅಂತ ಅವಳು ಎರಡು ಸಲ ಕೇಳಿದಳು, ನೀನು ಏನಂದೆಯೋ ಗದ್ದಲದಲ್ಲಿ ಕೇಳಿಸಲಿಲ್ಲ. ಅವಳ ಎಡಗಾಲಿನ ಬೂಟಿನ ದಾರ ಬಿಚ್ಚಿಹೋಗಿತ್ತು. ನೀವಿಬ್ಬರೂ ಗಮನಿಸಿರಲಿಲ್ಲ. ಮುಂದೆ ಮೆಟ್ಟಿಲಿತ್ತು. ನಾನು ಕೂಗಲಿಲ್ಲ.